ನ್ಯಾಯಾಸನದಿಂದ ಏಳತಕ್ಕ ವೇಳೆ

ಒಬ್ಬ ನ್ಯಾಯಾಧಿಪತಿಯು ಲಂಚ ಮುಟ್ಟದವನೂ ಸುಳ್ಳಾಡದವನೂ ಆಗಿದ್ದರೆ ಅಷ್ಟೇ ಸಾಕೋ? ತನ್ನ ಮನಸ್ಸಾಕ್ಷಿಯು ನಿರ್ಮಲವಾಗಿದೆ ಎಂದು ಆತನು ಬಲ್ಲವನಾಗಿದ್ದರೆ ತನ್ನ ಮುಂದೆ ಬಂದ ಯಾವ ಮೊಕದ್ದಮೆಯನ್ನಾದರೂ ವಿಚಾರಿಸಬಹುದೋ? ಇಲ್ಲವೆ, ಮನಸ್ಸು ಎಷ್ಟು ಶುದ್ಧವಾಗಿದ್ದಾಗ್ಯೂ, "ಇದನ್ನು ನಾನು ವಿಚಾರಿಸುವದು ಯುಕ್ತವಲ್ಲ, ಬೇರೊಬ್ಬರು ವಿಚಾರಿಸಲಿ" ಎಂದು ಹೇಳಿ ಆಸನದಿಂದ ಏಳತಕ್ಕ ವೇಳೆಯೂ ಉಂಟೋ? ಪ್ರಿಯ ವಾಚಕರೇ, ಈ ಪ್ರಶ್ನೆಯು ಕೋರ್ಟು ಕಚೇರಿಯವರಿಗೆ ಮಾತ್ರ ಸೇರಿದ್ದೆಂದು ನೆನಸಬೇಡಿರಿ. ಹೊಲದ ಬದುವಿನ ಜಗಳವನ್ನು ತೀರಿಸುವ ಹಿರಿಯನೂ, ಸಹಕಾರ ಸಂಘದಲ್ಲಿ ಸಾಲ ಮಂಜೂರು ಮಾಡುವ ಪಂಚನೂ, ಸಭೆಯ ಹಿರಿಯರ ಕೂಟದಲ್ಲಿ ಕೂತುಕೊಳ್ಳುವವನೂ ತನ್ನ ತನ್ನ ಮಟ್ಟಿಗೆ ನ್ಯಾಯಾಧಿಪತಿಯೇ ಆಗಿದ್ದಾನೆ. ದೊಡ್ಡ ನ್ಯಾಯಸ್ಥಾನದಲ್ಲಿ ನಡೆದದ್ದನ್ನು ನಾವು ಸರಿಯಾಗಿ ವಿವೇಚಿಸಿದರೆ ನಮ್ಮ ಚಿಕ್ಕ ಕೂಟಗಳಲ್ಲಿ ಹೇಗೆ ನಡೆಯಬೇಕೆಂಬದೂ ತಿಳಿದುಬರುವದು.

ನಮ್ಮ ನೀರಿಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಮೊದಲು ನೋಡೋಣ. ಶಿರಹಟ್ಟಿ, ಮುಂಡರಗಿ ಸೀಮೆಗಳ ಅಂಚಿನಲ್ಲಿ ಹರಿಯುವ ತುಂಗಭದ್ರೆಯು ಮುಂದೆ ಕೃಷ್ಣೆಯನ್ನು ಕೂಡುತ್ತದೆ. ಗದಗ ಜಿಲ್ಲೆಯ ಬಡಗಲಲ್ಲಿ ಹರಿಯುವ ಮಲಪ್ರಭೆಯೂ ಕೃಷ್ಣೆಯನ್ನೇ ಸೇರುತ್ತದೆ. ಆದಕಾರಣ ಕೃಷ್ಣೆಯ ನೀರನ್ನು ಯಾವ ರಾಜ್ಯಕ್ಕೆ ಎಷ್ಟು ಹಂಚಬೇಕೆಂಬ ವ್ಯಾಜ್ಯವು, ಹಮ್ಮಿಗಿಯ ಬ್ಯಾರೇಜಿನ ಸುತ್ತಮುತ್ತ ಹೊಲವುಳ್ಳವನಿಗೂ ಗದಗ-ಬೆಟಗೇರಿಯಲ್ಲಿ ನಳದ ನೀರಿಗೆ ಕಾಯುವ ತಾಯಿಗೂ ದೂರದ ಮಾತಲ್ಲ. ಈ ಹಂಚಿಕೆಗಾಗಿ ನ್ಯಾಯಮೂರ್ತಿ ಬಚಾವತರ ಅಧ್ಯಕ್ಷತೆಯಲ್ಲಿ ಮೊದಲನೆಯ ನ್ಯಾಯಮಂಡಲಿಯು ೧೯೬೯ರಲ್ಲಿ ನೇಮಿಸಲ್ಪಟ್ಟಿತು. ನ್ಯಾಯಮೂರ್ತಿ ಬ್ರಿಜೇಶ್ ಕುಮಾರರ ಅಧ್ಯಕ್ಷತೆಯ ಎರಡನೆಯ ನ್ಯಾಯಮಂಡಲಿಯು ೨೦೧೦ರಲ್ಲಿಯೂ ೨೦೧೩ರಲ್ಲಿಯೂ ತನ್ನ ತೀರ್ಮಾನಗಳನ್ನು ಕೊಟ್ಟಿತು. ಇಂಥ ತೀರ್ಮಾನವು ಸರಕಾರದ ಗೆಜೆಟಿನಲ್ಲಿ ಪ್ರಕಟವಾದ ಹೊರತು ಜಾರಿಗೆ ಬಾರದು; ಪ್ರಕಟಿಸಬಾರದೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿ ಅಪ್ಪಣೆ ಮಾಡಿತ್ತು. ಆ ತಡೆಯನ್ನು ತೆಗೆಯಬೇಕೆಂದು ಕರ್ನಾಟಕವು ಬೇಡಿಕೊಂಡಿತು.

೨೦೨೨ನೆಯ ಇಸವಿ ಜನವರಿ ೧೦ನೆಯ ತಾರೀಖಿನಲ್ಲಿ ಈ ವಿಷಯವು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್, ನ್ಯಾಯಮೂರ್ತಿ ಎ. ಎಸ್. ಬೋಪಣ್ಣ ಎಂಬಿಬ್ಬರ ಮುಂದೆ ಬಂತು. ಮೊದಲನೆಯವರು ಮಹಾರಾಷ್ಟ್ರದವರು, ಎರಡನೆಯವರು ಕರ್ನಾಟಕದವರು. ಎರಡು ರಾಜ್ಯಗಳೂ ವ್ಯಾಜ್ಯದಲ್ಲಿ ಕಕ್ಷಿಗಳು. ತಾವು ಜನರ ನಿಂದೆಗೆ ಗುರಿಯಾಗಲು ಇಷ್ಟಪಡುವದಿಲ್ಲವೆಂಬರ್ಥದ ಮಾತನ್ನು ಹೇಳಿ ಇಬ್ಬರೂ ಆ ಮೊಕದ್ದಮೆಯಿಂದ ಹಿಂದೆ ಸರಿದರು. ಇದಕ್ಕೆ ಐದು ತಿಂಗಳು ಮುಂಚೆ, ೨೦೨೧ನೆಯ ಆಗಸ್ಟಿನಲ್ಲಿ, ಅದೇ ಕೃಷ್ಣೆಯ ನೀರಿಗಾಗಿ ಆಂಧ್ರಪ್ರದೇಶವು ತೆಲಂಗಾಣದ ಮೇಲೆ ತಂದ ಮೊಕದ್ದಮೆಯು ಆಗಿನ ಮುಖ್ಯ ನ್ಯಾಯಮೂರ್ತಿ ಎನ್. ವಿ. ರಮಣರ ಮುಂದೆ ಬಂದಿತ್ತು. ಅವರು, ತಾನು ಎರಡು ರಾಜ್ಯಗಳಿಗೂ ಸೇರಿದವನಾದ್ದರಿಂದ ಕಾನೂನಿನ ಮೇಲೆ ತೀರ್ಪು ಹೇಳಲು ಮನಸ್ಸಿಲ್ಲ, ನೀವಿಬ್ಬರೂ ಮಧ್ಯಸ್ಥರ ಮುಖಾಂತರ ರಾಜಿಯಾಗುವದು ಒಳ್ಳೇದು ಎಂದು ಸೂಚಿಸಿದರು. ಆಂಧ್ರವು ರಾಜಿಗೆ ಒಪ್ಪದೆ ಇದ್ದದರಿಂದ ಅವರು ಮೊಕದ್ದಮೆಯನ್ನು ಬೇರೆ ನ್ಯಾಯಪೀಠಕ್ಕೆ ಒಪ್ಪಿಸಿದರು.

ಇಂಥ ಸಂಗತಿಗಳನ್ನು ಕೇಳಿದ ಜನರು ಎರಡು ಬಗೆಯಾಗಿ ಮಾತಾಡುತ್ತಾರೆ. ಒಬ್ಬರು ಹೇಳುವದೇನಂದರೆ: "ನ್ಯಾಯಾಧಿಪತಿಯು ಭಯವಿಲ್ಲದೆ, ಪಕ್ಷಪಾತವಿಲ್ಲದೆ, ಪ್ರೀತಿದ್ವೇಷಗಳಿಲ್ಲದೆ ಕೆಲಸ ಮಾಡುವೆನೆಂದು ಪ್ರಮಾಣ ಮಾಡಿದವನು. ಹುಟ್ಟಿದ ರಾಜ್ಯದ ಹೆಸರು ಕೇಳಿದ ಕೂಡಲೆ ಆ ಪ್ರಮಾಣವು ಕರಗಿಹೋಗುವದೋ? ಬೋಪಣ್ಣನವರ ಮನೆತನವು ಕೊಡಗಿನದು. ಕೊಡಗಿನ ದೊಡ್ಡ ಹೊಳೆಯು ಕಾವೇರಿಯೇ ಹೊರತು ಕೃಷ್ಣೆಯಲ್ಲ. ಅವರಿಗೆ ಇದರಿಂದ ಬರುವ ಲಾಭವೇನು?" ಇನ್ನೊಬ್ಬರು ಹೇಳುವದೇನಂದರೆ: "ಅವರು ಎದ್ದದ್ದು ಒಳ್ಳೇದಾಯಿತು. ಕೂತಿದ್ದು ಕರ್ನಾಟಕಕ್ಕೆ ಗೆಲುವು ಕೊಟ್ಟಿದ್ದರೆ ಬೋಪಣ್ಣನವರು ತಮ್ಮವರನ್ನು ಕಾಯ್ದರೆಂದು ತೆಲಂಗಾಣದ ರೈತನು ಹೇಳುತ್ತಿದ್ದನು; ಸೋಲು ಕೊಟ್ಟಿದ್ದರೆ ಹೆಸರು ಉಳಿಸಿಕೊಳ್ಳಲು ತಮ್ಮವರನ್ನೇ ಬಿಟ್ಟುಕೊಟ್ಟರೆಂದು ನಮ್ಮವರು ಹೇಳುತ್ತಿದ್ದರು." ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಇವುಗಳನ್ನು ತೂಗಿ ನೋಡುವದೇ ನಮ್ಮ ಕೆಲಸ.

ತೂಗುವದಕ್ಕೆ ಮುಂಚೆ ಒಂದು ಭೇದವನ್ನು ತಿಳಿಯಬೇಕು. ಪಕ್ಷಪಾತವಿರುವದು ಬೇರೆ, ಪಕ್ಷಪಾತವಿದೆ ಎಂದು ಯುಕ್ತವಾಗಿ ಅಂಜುವದಕ್ಕೆ ಆಸ್ಪದವಿರುವದು ಬೇರೆ. ಮೊದಲನೆಯದನ್ನು ಹೃದಯಗಳನ್ನು ಶೋಧಿಸುವ ದೇವರು ಬಲ್ಲನು. ಎರಡನೆಯದನ್ನು ಮನುಷ್ಯರು ಕಾಣಬಲ್ಲರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡವೆನ್ನುವರೆಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ. ಕುಡಿದದ್ದು ಮಜ್ಜಿಗೆಯೇ ಇರಬಹುದು. ಆದರೆ ಬೇರೆ ನೆರಳು ಹತ್ತಿರದಲ್ಲಿರುವಾಗ ಆ ಮರವನ್ನೇ ಯಾಕೆ ಹುಡುಕಬೇಕು?

ಇಂಗ್ಲೆಂಡಿನಲ್ಲಿ ನಡೆದ ಎರಡು ಮೊಕದ್ದಮೆಗಳು ಈ ಭೇದವನ್ನು ಚೆನ್ನಾಗಿ ತೋರಿಸುತ್ತವೆ. ಲಾರ್ಡ್ ಕಾಟನ್‌ಹ್ಯಾಮ್ ಎಂಬವರು ಆ ದೇಶದ ಅತಿ ದೊಡ್ಡ ನ್ಯಾಯಾಧಿಕಾರಿಗಳಾಗಿದ್ದರು. ಒಂದು ಕಾಲುವೆಯ ಕಂಪನಿಗೂ ಒಬ್ಬ ಭೂಮಿಯ ಒಡೆಯನಿಗೂ ನಡೆದ ವ್ಯಾಜ್ಯದಲ್ಲಿ ಅವರು ಕಂಪನಿಯ ಪಕ್ಷವಾಗಿ ತೀರ್ಪು ಕೊಟ್ಟರು. ಆ ಕಂಪನಿಯಲ್ಲಿ ಅವರಿಗೇ ಪಾಲುಗಳಿದ್ದವೆಂದು ತರುವಾಯ ಹೊರಬಿತ್ತು. ೧೮೫೨ರಲ್ಲಿ ಮೇಲಿನ ನ್ಯಾಯಸಭೆಯು ಆ ತೀರ್ಪನ್ನು ರದ್ದು ಮಾಡಿತು. ಅಂಥ ಮನುಷ್ಯನು ಹಣದಾಸೆಗೆ ನ್ಯಾಯವನ್ನು ಮಾರಿದನೆಂದು ಯಾವನೂ ನೆನಸಲಿಲ್ಲ. ಆದಾಗ್ಯೂ ಯಾವನೂ ತನ್ನ ಸ್ವಂತ ವ್ಯಾಜ್ಯದಲ್ಲಿ ತಾನೇ ನ್ಯಾಯಾಧಿಪತಿಯಾಗಬಾರದೆಂಬ ನಿಯಮವನ್ನು ದೊಡ್ಡವರಿಗಾಗಿ ಸಡಿಲಿಸಕೂಡದೆಂದು ನಿರ್ಣಯವಾಯಿತು. ಇನ್ನೊಂದು ಮೊಕದ್ದಮೆಯು ೧೯೨೪ರದು. ಮೋಟಾರು ಅಪಘಾತದ ವಿಷಯದಲ್ಲಿ ಒಬ್ಬನಿಗೆ ದಂಡ ವಿಧಿಸಿದ ಮ್ಯಾಜಿಸ್ಟ್ರೇಟರು ಆಲೋಚನೆಗಾಗಿ ಒಳಕೋಣೆಗೆ ಹೋದಾಗ ಅವರ ಗುಮಾಸ್ತನೂ ಸಂಗಡ ಹೋದನು. ಈ ಗುಮಾಸ್ತನಿಗೆ ಪಾಲಿದ್ದ ವಕೀಲರ ಸಂಸ್ಥೆಯೇ ಎದುರುಪಕ್ಷದವನ ಪರವಾಗಿ ನಷ್ಟಪರಿಹಾರ ಕೇಳುತ್ತಿತ್ತು. ಒಳಗೆ ಅವನು ಒಂದು ಮಾತನ್ನಾದರೂ ಆಡಲಿಲ್ಲ, ಯಾರೂ ಅವನನ್ನು ಕೇಳಲೂ ಇಲ್ಲ. ಆದರೂ ಮುಖ್ಯ ನ್ಯಾಯಾಧಿಪತಿ ಲಾರ್ಡ್ ಹ್ಯೂವರ್ಟರು ಆ ತೀರ್ಪನ್ನು ತೆಗೆದುಹಾಕಿದರು. ನ್ಯಾಯವು ನಡೆದರೆ ಸಾಲದು, ನಡೆಯಿತೆಂಬದು ನೋಡುವವರಿಗೆ ಸ್ಪಷ್ಟವಾಗಿ ಕಾಣಬೇಕೆಂಬದು ಅವರ ಅಭಿಪ್ರಾಯವಾಗಿತ್ತು.

ಹಾಗಾದರೆ ಯಾರ ಕಣ್ಣಿಗೆ ಕಾಣಬೇಕು? ಇದಕ್ಕೆ ಉತ್ತರವನ್ನು ನಮ್ಮ ದೇಶದ ಸುಪ್ರೀಂ ಕೋರ್ಟಿನಲ್ಲಿ ಕರ್ನಾಟಕದ ಒಬ್ಬ ನ್ಯಾಯಮೂರ್ತಿಗಳೇ ಬರೆದಿದ್ದಾರೆ. ಒಬ್ಬ ಸಾಮಾನ್ಯ ಸೈನಿಕನು ತನ್ನ ಮೇಲಧಿಕಾರಿಯಿಂದ ತನಗೆ ಹಿಂಸೆಯಾಗುತ್ತಿದೆ ಎಂದು ಅವನಿಗಿಂತ ದೊಡ್ಡ ಅಧಿಕಾರಿಗಳಿಗೆ ನೆಟ್ಟಗೆ ಅರ್ಜಿ ಬರೆದನು. ಹೀಗೆ ಬರೆದದ್ದು ತಪ್ಪೆಂದು ಅವನಿಗೆ ೨೮ ದಿನಗಳ ಸೆರೆಯಾಯಿತು. ಸೆರೆಯಲ್ಲಿದ್ದಾಗ, ಊಟ ಮಾಡೆಂಬ ಅಪ್ಪಣೆಗೆ ಅವಿಧೇಯನಾದನೆಂದು ೧೯೮೫ರಲ್ಲಿ ಅವನನ್ನು ಸೈನ್ಯದ ನ್ಯಾಯಸಭೆಯ ಮುಂದೆ ನಿಲ್ಲಿಸಿ, ಒಂದು ವರುಷ ಕಠಿಣ ಸೆರೆಯನ್ನು ವಿಧಿಸಿ, ಕೆಲಸದಿಂದಲೂ ತೆಗೆದುಹಾಕಿದರು. ಯಾವನ ಮೇಲೆ ಅವನು ದೂರಿದ್ದನೋ ಆ ಅಧಿಕಾರಿಯೇ ಆ ನ್ಯಾಯಸಭೆಯಲ್ಲಿ ಕೂತಿದ್ದನು! ೧೯೮೭ರಲ್ಲಿ ಸುಪ್ರೀಂ ಕೋರ್ಟು ಈ ಶಿಕ್ಷೆಯನ್ನು ರದ್ದು ಮಾಡಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು ಅದರಲ್ಲಿ ಒಂದು ಅಮೂಲ್ಯವಾದ ಮಾತನ್ನು ಸ್ಥಾಪಿಸಿದರು. ಅದರ ತಾತ್ಪರ್ಯವೇನಂದರೆ, ನ್ಯಾಯಾಧಿಪತಿಯು ತನ್ನ ಮನಸ್ಸನ್ನೇ ನೋಡಿಕೊಂಡು, ನನ್ನಲ್ಲಿ ಪಕ್ಷಪಾತವಿದೆಯೋ ಎಂದು ತನ್ನನ್ನೇ ಕೇಳಿಕೊಳ್ಳುವದು ಸರಿಯಾದ ದಾರಿಯಲ್ಲ. ತನ್ನ ಮುಂದೆ ನಿಂತಿರುವ ಕಕ್ಷಿಗಾರನ ಮನಸ್ಸನ್ನು ನೋಡಬೇಕು.

ಈ ಮಾತನ್ನು ನಾವು ಚೆನ್ನಾಗಿ ಧ್ಯಾನಿಸತಕ್ಕದ್ದು. ಯಾಕಂದರೆ ತನ್ನ ಹೃದಯವನ್ನು ತಾನೇ ಪರೀಕ್ಷಿಸಿಕೊಂಡು ತಾನೇ ಪ್ರಮಾಣಪತ್ರ ಬರೆದುಕೊಳ್ಳುವವನಿಗಿಂತ ಸುಲಭವಾಗಿ ಮೋಸಹೋಗುವವನು ಯಾರೂ ಇಲ್ಲ. ಮುಖದಾಕ್ಷಿಣ್ಯವು ಒಳಗೆ ಬರುವಾಗ ಬಾಗಲು ಬಡಿಯುವದಿಲ್ಲ. ತಮ್ಮನ ಮಗನ ಮಾತು ಕೇಳುವಾಗ ಕಿವಿಯು ತಾನಾಗಿ ತೆರೆಯುತ್ತದೆ. ಹಗೆಯವನ ಸಾಕ್ಷಿ ಕೇಳುವಾಗ ಸಂದೇಹವು ತಾನಾಗಿ ಹುಟ್ಟುತ್ತದೆ. ಅದಲ್ಲದೆ ತೀರ್ಪಿನ ಪ್ರಯೋಜನವೇನು? ಸೋತವನು ಅದನ್ನು ಹೊತ್ತುಕೊಂಡು ಮನೆಗೆ ಹೋಗಿ, ಸೋತೆನು, ಆದರೆ ನನ್ನ ಮಾತನ್ನು ಕೇಳಿದರು ಎಂದು ಹೇಳುವಂತಾಗಬೇಕು. ಗೆದ್ದವನಿಗೆ ಯಾವ ನ್ಯಾಯಾಧಿಪತಿಯಾದರೂ ಒಳ್ಳೆಯವನೇ. ನ್ಯಾಯಸ್ಥಾನವು ಪರೀಕ್ಷೆಗೆ ಬರುವದು ಸೋತವನ ಮನೆಯಲ್ಲಿ.

ಈ ಕಾರಣದಿಂದಲೇ ಬರಹದಲ್ಲಿ ಕೆಲವು ನಿಯಮಗಳು ಏರ್ಪಟ್ಟಿವೆ. ೧೯೯೭ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ತಮ್ಮ ನಡತೆಗಾಗಿ ಒಂದು ನಿಯಮಾವಳಿಯನ್ನು ಅಂಗೀಕರಿಸಿ, ತಮ್ಮ ಕುಟುಂಬದವರಿಗೆ, ಹತ್ತರದ ಬಂಧುಗಳಿಗೆ ಅಥವಾ ಸ್ನೇಹಿತರಿಗೆ ಸಂಬಂಧಪಟ್ಟ ಮೊಕದ್ದಮೆಯನ್ನು ತಾವು ವಿಚಾರಿಸಬಾರದೆಂದೂ, ತಮಗೆ ಪಾಲುಗಳಿರುವ ಕಂಪನಿಯ ವಿಷಯವು ಬಂದರೆ ಅದನ್ನು ಮೊದಲೇ ತಿಳಿಸಿ, ಯಾರೂ ಆಕ್ಷೇಪಿಸದಿದ್ದರೆ ಮಾತ್ರ ವಿಚಾರಿಸಬೇಕೆಂದೂ ಒಪ್ಪಿಕೊಂಡರು. ೨೦೦೧ರಲ್ಲಿ ಅನೇಕ ದೇಶಗಳ ನ್ಯಾಯಾಧಿಪತಿಗಳು ನಮ್ಮ ಬೆಂಗಳೂರಿನಲ್ಲಿ ಕೂಡಿ, ಎಲ್ಲಾ ದೇಶಗಳ ನ್ಯಾಯಾಧಿಪತಿಗಳಿಗೂ ಸಲ್ಲತಕ್ಕ ನಡತೆಯ ನಿಯಮಗಳ ಕರಡನ್ನು ಸಿದ್ಧಪಡಿಸಿದರು. ಅದು ೨೦೦೨ರಲ್ಲಿ ಹೇಗ್ ಪಟ್ಟಣದಲ್ಲಿ ತಿದ್ದಲ್ಪಟ್ಟು ಅಂಗೀಕೃತವಾಗಿ, ಬೆಂಗಳೂರು ನಿಯಮಗಳೆಂಬ ಹೆಸರಿನಿಂದಲೇ ಲೋಕದಲ್ಲಿ ಪ್ರಸಿದ್ಧವಾಗಿದೆ. ಯುಕ್ತವಾಗಿ ಯೋಚಿಸುವ ಒಬ್ಬ ಪ್ರೇಕ್ಷಕನಿಗೆ, ಈ ನ್ಯಾಯಾಧಿಪತಿಯು ನಿಷ್ಪಕ್ಷಪಾತವಾಗಿ ತೀರ್ಪು ಹೇಳಲಾರನೆಂದು ತೋರುವಲ್ಲಿ ಆತನು ಹಿಂದೆ ಸರಿಯಬೇಕೆಂಬದು ಅವುಗಳಲ್ಲಿ ಒಂದು. ಆದರೆ ಅದರ ಸಂಗಡಲೇ, ಬೇರೆ ನ್ಯಾಯಪೀಠವು ಸಿಕ್ಕದಿರುವಾಗ, ಇಲ್ಲವೆ ತಡವಾದರೆ ಘೋರವಾದ ಅನ್ಯಾಯವಾಗುವಾಗ ಕೂತುಕೊಳ್ಳಬಹುದೆಂಬ ಮಾತೂ ಅಲ್ಲಿ ಉಂಟು.

ಇಷ್ಟನ್ನು ಕೇಳಿ, ಹಾಗಾದರೆ ಸಂದೇಹ ಬಂದಾಗಲೆಲ್ಲಾ ಏಳುವದೇ ಪುಣ್ಯವೆಂದು ಯಾರಾದರೂ ತೀರ್ಮಾನಿಸಿದರೆ ಅದು ತಪ್ಪಾಗುವದು. ಏಳುವದರಲ್ಲಿಯೂ ಪಾಪವಿರಬಹುದು. ಅದನ್ನು ಮೂರು ವಿಧವಾಗಿ ತೋರಿಸುವೆನು.

ಮೊದಲನೆಯದು, ಏಳುವದರಿಂದ ತಡವಾಗುತ್ತದೆ. ತಡವಾದದರ ಕ್ರಯವನ್ನು ಬಡವನು ಕೊಡುತ್ತಾನೆ. ೨೦೧೯ನೆಯ ಸಪ್ಟೆಂಬರ್ ೩೦ರಿಂದ ಅಕ್ಟೋಬರ್ ೩ರ ವರೆಗೆ, ನಾಲ್ಕೇ ದಿವಸಗಳಲ್ಲಿ, ಗೌತಮ್ ನವಲಖಾ ಎಂಬವರ ಒಂದು ಅರ್ಜಿಯಿಂದ ಸುಪ್ರೀಂ ಕೋರ್ಟಿನ ಐದು ಮಂದಿ ನ್ಯಾಯಮೂರ್ತಿಗಳು ಒಬ್ಬರ ಹಿಂದೆ ಒಬ್ಬರಾಗಿ ಹಿಂದೆ ಸರಿದರು. ಕಾರಣವನ್ನು ಯಾರೂ ತಿಳಿಸಲಿಲ್ಲ. ಅರ್ಜಿದಾರನ ಪಕ್ಷವನ್ನು ಮೆಚ್ಚುವವರೂ ಮೆಚ್ಚದವರೂ ಸಮವಾಗಿ ಕೇಳಿದ್ದೇನಂದರೆ, ಇದೇನು, ಯಾತಕ್ಕೆ? ಉತ್ತರವಿಲ್ಲದಲ್ಲಿ ಊಹೆಯು ಹುಟ್ಟುತ್ತದೆ. ಊಹೆಯು ಪಕ್ಷಪಾತಕ್ಕಿಂತ ಕಡಿಮೆ ಕೇಡು ಮಾಡುವದಿಲ್ಲ.

ಎರಡನೆಯದು, ಕೇಳಿದಾಗಲೆಲ್ಲಾ ಎದ್ದರೆ ಕಕ್ಷಿಗಾರನೇ ತನ್ನ ನ್ಯಾಯಾಧಿಪತಿಯನ್ನು ಆರಿಸಿಕೊಳ್ಳುವಂತಾಗುವದು. ಹಣವುಳ್ಳವನು ಕಠಿಣನಾದ ಜಡ್ಜನ ಮೇಲೆ ಒಂದು ಅಪವಾದವನ್ನು ಎಸೆದು ಅವನನ್ನು ಎಬ್ಬಿಸಿ, ಮೃದುವಾದವನು ಬರುವ ವರೆಗೆ ಹಾಗೆಯೇ ಮಾಡಬಹುದು. ೨೦೧೯ನೆಯ ಅಕ್ಟೋಬರಿನಲ್ಲಿ ನಡೆದ ವಾದವು ರೈತರಿಗೆಲ್ಲಾ ಸಂಬಂಧಿಸಿದ್ದು. ಸರಕಾರವು ಭೂಮಿಯನ್ನು ವಶಪಡಿಸಿಕೊಂಡಾಗ ಪರಿಹಾರವು ಯಾವಾಗ ಸಂದಂತಾಗುವದೆಂಬ ಪ್ರಶ್ನೆಯಲ್ಲಿ ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರು ೨೦೧೮ರಲ್ಲಿ ಒಂದು ತೀರ್ಪು ಕೊಟ್ಟಿದ್ದರು. ಅದು ಸರಿಯೋ ತಪ್ಪೋ ಎಂದು ನೋಡತಕ್ಕ ಐವರ ಪೀಠಕ್ಕೆ ಅವರೇ ಮುಖ್ಯಸ್ಥರಾದರು. ತನ್ನ ತೀರ್ಪನ್ನು ತಾನೇ ತೂಗುವದು ಹೇಗೆಂದು ಕೆಲವರು ಆಕ್ಷೇಪಿಸಿದರು. ಕಾನೂನಿನ ವಿಷಯವಾಗಿ ಮುಂಚೆ ಒಂದು ಅಭಿಪ್ರಾಯ ಹೇಳಿದ್ದು ಪಕ್ಷಪಾತವಲ್ಲ, ಇದಕ್ಕಾಗಿ ಎದ್ದರೆ ಕಕ್ಷಿಗಾರರು ಪೀಠವನ್ನು ಆರಿಸಿಕೊಳ್ಳುವ ದುರಭ್ಯಾಸಕ್ಕೆ ದಾರಿಯಾಗುವದೆಂದು ಅವರು ಕೂತೇ ಇದ್ದರು. ಅವರ ಮಾತಿನಲ್ಲಿ ಬಲವುಂಟು. ಆದರೆ ಭೂಮಿ ಹೋದ ರೈತನ ಕಣ್ಣಿನಿಂದ ನೋಡುವವನಿಗೆ, ಬೇರೆ ಅನೇಕ ನ್ಯಾಯಮೂರ್ತಿಗಳು ಇರುವಾಗ ಅವರೇ ಯಾಕೆಂಬ ಪ್ರಶ್ನೆಯೂ ಉಳಿಯುತ್ತದೆ. ಅದಲ್ಲದೆ, ಏಳಬೇಕೋ ಕೂತಿರಬೇಕೋ ಎಂಬದನ್ನು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಆ ನ್ಯಾಯಾಧಿಪತಿಯೇ ನಿರ್ಣಯಿಸುವದು ಪದ್ಧತಿಯಾಗಿರುವದರಿಂದ, ಈ ಒಂದು ವಿಷಯದಲ್ಲಾದರೂ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧಿಪತಿಯಾದಂತಾಯಿತೆಂದು ಹೇಳುವವರ ಮಾತನ್ನು ತಳ್ಳಿಹಾಕಲಾಗದು.

ಮೂರನೆಯದು ನಮಗೆ ಬಹು ಹತ್ತರದ್ದು. ಹುಟ್ಟು, ಜಾತಿ, ಮತ ಇವುಗಳಿಗಾಗಿ ಏಳಬೇಕೆಂದರೆ ಕಡೆಗೆ ಕೂತುಕೊಳ್ಳುವವನು ಯಾವನೂ ಉಳಿಯನು. ನಮ್ಮವರು ಹತ್ತಿಪ್ಪತ್ತು ಮನೆ ಮಾತ್ರ ಇರುವ ಒಂದು ಊರಲ್ಲಿ ಸ್ಮಶಾನ ಭೂಮಿಗಾಗಿ ವ್ಯಾಜ್ಯ ಹುಟ್ಟಿದೆ ಎಂದು ನೆನಸೋಣ. ನ್ಯಾಯಾಧಿಪತಿಯು ಲಿಂಗಾಯತನು ಇಲ್ಲವೆ ಮುಸಲ್ಮಾನನು ಎಂಬ ಕಾರಣದಿಂದ ಅವನು ಏಳಬೇಕೆಂದು ನಾವು ಬೇಡಬಹುದೋ? ಬೇಡಿದರೆ ನಾಳೆ ಕ್ರೈಸ್ತನಾದ ನ್ಯಾಯಾಧಿಪತಿಯು ನಮ್ಮ ವ್ಯಾಜ್ಯವನ್ನು ವಿಚಾರಿಸುವಾಗ ಎದುರಿನವರೂ ಅದನ್ನೇ ಬೇಡುವರು. ಆಗ ನಾವು ಕೊಡುವ ಉತ್ತರವೇನು? ಇನ್ನೊಂದು ಗುಪ್ತವಾದ ತಪ್ಪೂ ಉಂಟು. ನಮ್ಮವನೇ ಆಸನದ ಮೇಲಿದ್ದಾನೆಂದು ಒಳಗೊಳಗೇ ಹಿಗ್ಗುವವನು ಅವನಿಂದ ಪಕ್ಷಪಾತವನ್ನು ಆಗಲೇ ಬಯಸಿದ್ದಾನೆ. ಎದುರಿನವರ ಪಕ್ಷಪಾತಕ್ಕೆ ಅಂಜಿ ಕೂಗುವವನು ತನ್ನ ಪಕ್ಷದವನ ಪಕ್ಷಪಾತಕ್ಕೂ ಹಾಗೆಯೇ ಅಂಜಬೇಕು. ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರಿಗೆ ಕೊಡಲ್ಪಟ್ಟ ಆಜ್ಞೆಯು, ವ್ಯಾಜ್ಯದಲ್ಲಿ ಬಹುಜನರ ಕಡೆಗೆ ವಾಲುವದನ್ನು ಮಾತ್ರವಲ್ಲದೆ ಬಡವನ ಕಡೆಗೆ ವಾಲುವದನ್ನೂ ನಿಷೇಧಿಸಿದ್ದು ಈ ಕಾರಣದಿಂದಲೇ. ತಕ್ಕಡಿಯು ನಮ್ಮ ಕಡೆಗೆ ಬಾಗಿದರೂ ಅದು ಕಳ್ಳ ತಕ್ಕಡಿಯೇ.

ಹಾಗಾದರೆ ಕೃಷ್ಣೆಯ ಮೊಕದ್ದಮೆಯಲ್ಲಿ ಹುಟ್ಟಿದ ರಾಜ್ಯಕ್ಕಾಗಿ ಇಬ್ಬರು ಎದ್ದದ್ದು ತಪ್ಪೋ? ತಪ್ಪಲ್ಲವೆಂದು ನನಗೆ ತೋರುತ್ತದೆ. ಆದರೆ ಅದನ್ನು ಎಲ್ಲೆಲ್ಲಿಯೂ ನಿಯಮವಾಗಿ ಮಾಡಿದರೆ ತಪ್ಪಾಗುವದು. ಅಲ್ಲಿ ರಾಜ್ಯವು ತಾನೇ ಕಕ್ಷಿಯಾಗಿತ್ತು. ಬೇರೆ ರಾಜ್ಯಗಳ ನ್ಯಾಯಮೂರ್ತಿಗಳು ಅದೇ ಕೋರ್ಟಿನಲ್ಲಿ ಇದ್ದರು. ಇಬ್ಬರೂ ಬಹಿರಂಗವಾಗಿ ತಮ್ಮ ಕಾರಣವನ್ನು ಹೇಳಿ ಎದ್ದರು. ಗದಗದ ಒಬ್ಬ ರೈತ ಕರ್ನಾಟಕ ಸರಕಾರದ ಮೇಲೆ ಹೈಕೋರ್ಟಿಗೆ ಹೋದಾಗಲಾದರೋ ಅಲ್ಲಿಯ ನ್ಯಾಯಮೂರ್ತಿಗಳೆಲ್ಲರೂ ಈ ರಾಜ್ಯದಲ್ಲಿಯೇ ವಾಸಿಸುವವರಾಗಿದ್ದಾರೆಂಬದನ್ನು ಯಾರೂ ಆಕ್ಷೇಪಿಸುವದಿಲ್ಲ, ಆಕ್ಷೇಪಿಸಲೂ ಬಾರದು; ಯಾಕಂದರೆ ಅವರಲ್ಲದೆ ವಿಚಾರಿಸುವವರು ಬೇರೆ ಇಲ್ಲ.

೨೦೧೫ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಂದೇ ಮೊಕದ್ದಮೆಯಲ್ಲಿ ಒಬ್ಬರು ಎದ್ದರು, ಒಬ್ಬರು ಕೂತರು. ನ್ಯಾಯಾಧಿಪತಿಗಳನ್ನು ನೇಮಿಸುವದಕ್ಕಾಗಿ ಹೊಸದಾಗಿ ಏರ್ಪಡಿಸಿದ ಆಯೋಗವು ಸಂವಿಧಾನಕ್ಕೆ ಒಪ್ಪುವದೋ ಇಲ್ಲವೋ ಎಂಬದೇ ಅಲ್ಲಿಯ ಪ್ರಶ್ನೆ. ನ್ಯಾಯಮೂರ್ತಿ ಅನಿಲ್ ದವೆಯವರು ಅದೇ ಆಯೋಗದ ಸದಸ್ಯರಾಗತಕ್ಕವರಾದದರಿಂದ ಹಿಂದೆ ಸರಿದರು. ಅವರ ಸ್ಥಾನಕ್ಕೆ ಮುಖ್ಯಸ್ಥರಾಗಿ ಬಂದ ನ್ಯಾಯಮೂರ್ತಿ ಜೆ. ಎಸ್. ಖೇಹರರನ್ನೂ ಏಳಬೇಕೆಂದು ಬೇಡಿದಾಗ ಅವರು ಒಪ್ಪಲಿಲ್ಲ. ತಕ್ಕ ಕಾರಣವಿಲ್ಲದೆ, ಕಕ್ಷಿಗಾರನು ಬೇಡಿದ ಮಾತ್ರಕ್ಕೆ ಎದ್ದರೆ ನ್ಯಾಯಾಧಿಪತಿಯು ಅಂಜಿದಂತಾಗಿ ಕೆಟ್ಟ ಮೇಲ್ಪಂಕ್ತಿಯಾಗುವದೆಂದು ಅವರು ತಮ್ಮ ತೀರ್ಪಿನಲ್ಲಿ ವಿವರಿಸಿದರು. ಅದೇ ಪೀಠದ ನ್ಯಾಯಮೂರ್ತಿ ಕುರಿಯನ್ ಜೋಸೆಫರು, ಹಿಂದೆ ಸರಿಯುವ ನ್ಯಾಯಾಧಿಪತಿಯು ಕಾರಣವನ್ನು ಸ್ಥೂಲವಾಗಿಯಾದರೂ ತಿಳಿಸಬೇಕೆಂದು ಬರೆದರು. ನನ್ನ ಅಲ್ಪ ಬುದ್ಧಿಗೆ ಇದೇ ಈ ವಿಷಯದ ತಿರುಳು. ಎದ್ದರೂ ಕೂತರೂ ಕಾರಣವು ಬೆಳಕಿನಲ್ಲಿರಬೇಕು. ಕಾರಣ ಹೇಳಿ ಏಳುವವನು ತನ್ನ ಹೆಸರಿಗಿಂತ ನ್ಯಾಯವನ್ನು ದೊಡ್ಡದೆಂದು ಎಣಿಸಿದನು. ಕಾರಣ ಹೇಳಿ ಕೂತುಕೊಳ್ಳುವವನು ತನ್ನ ನೆಮ್ಮದಿಗಿಂತ ಕರ್ತವ್ಯವನ್ನು ದೊಡ್ಡದೆಂದು ಎಣಿಸಿದನು. ಸುಮ್ಮನೆ ಏಳುವವನೂ ಸುಮ್ಮನೆ ಕೂತುಕೊಳ್ಳುವವನೂ ಜನರನ್ನು ಕತ್ತಲೆಯಲ್ಲಿ ಬಿಡುತ್ತಾರೆ.

ಇಷ್ಟರ ವರೆಗೆ ನ್ಯಾಯಾಧಿಪತಿಗಳ ಕರ್ತವ್ಯವನ್ನು ಕುರಿತು ಹೇಳಿದೆವು. ಜನರಾದ ನಮ್ಮ ಕರ್ತವ್ಯವೇನು? ಆ ಇಬ್ಬರು ನ್ಯಾಯಮೂರ್ತಿಗಳು ನಿಂದೆಯ ವಿಷಯವಾಗಿ ಆಡಿದ ಮಾತನ್ನು ತಿರುಗಿ ನೆನಸಿರಿ. ಆ ನಿಂದೆಯನ್ನು ಹುಟ್ಟಿಸುವವರು ಯಾರು? ೨೦೧೬ನೆಯ ಸಪ್ಟೆಂಬರಿನಲ್ಲಿ ಕಾವೇರಿಯ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಅಪ್ಪಣೆ ಕೊಟ್ಟಾಗ ಬೆಂಗಳೂರಿನಲ್ಲಿ ಬಸ್ಸುಗಳು ಸುಡಲ್ಪಟ್ಟವು, ಪ್ರಾಣಹಾನಿಯೂ ಆಯಿತು, ಪೀಠದ ಮೇಲೆ ಬೈಗಳ ಮಳೆಯೇ ಸುರಿಯಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ದೀಪಕ್ ಮಿಶ್ರಾ, ನ್ಯಾಯಮೂರ್ತಿ ಯು. ಯು. ಲಲಿತ್ ಇಬ್ಬರೂ ಕರ್ನಾಟಕದವರಲ್ಲ, ತಮಿಳುನಾಡಿನವರೂ ಅಲ್ಲ. ೨೦೧೮ನೆಯ ಫೆಬ್ರವರಿ ೧೬ರಂದು ಅದೇ ದೀಪಕ್ ಮಿಶ್ರಾ ಅವರ ಅಧ್ಯಕ್ಷತೆಯ ಪೀಠವು ಕರ್ನಾಟಕದ ಪಾಲನ್ನು ೧೪.೭೫ ಟಿ.ಎಂ.ಸಿ.ಯಷ್ಟು ಹೆಚ್ಚಿಸಿದಾಗ ನಮ್ಮಲ್ಲಿ ಸಂತೋಷವಾಯಿತು. ನ್ಯಾಯಮೂರ್ತಿಯು ಅದೇ ಮನುಷ್ಯನು. ಬದಲಾದದ್ದು ನೀರಿನ ಲೆಕ್ಕ ಮಾತ್ರ. ಮಹದಾಯಿಯ ವಿಷಯದಲ್ಲಿಯೂ ಹಾಗೆಯೇ, ೨೦೧೬ರಲ್ಲಿ ಮಧ್ಯಂತರವಾಗಿ ನೀರು ಕೊಡಲು ನಿರಾಕರಿಸಿದ ನ್ಯಾಯಮಂಡಲಿಯೇ ೨೦೧೮ರಲ್ಲಿ ಒಟ್ಟಿಗೆ ೧೩.೪೨ ಟಿ.ಎಂ.ಸಿ. ನೀರನ್ನು ಕರ್ನಾಟಕಕ್ಕೆ ಗೊತ್ತುಮಾಡಿತು. ನ್ಯಾಯಾಧಿಪತಿಯ ನಿಷ್ಪಕ್ಷಪಾತವನ್ನು ನಾವು ನಮ್ಮ ಗೆಲುವಿನಿಂದಲೇ ಅಳೆಯುವದಾದರೆ ನಮಗೆ ಬೇಕಾದದ್ದು ನ್ಯಾಯಾಧಿಪತಿಯಲ್ಲ, ವಕೀಲನು. ಹೀಗೆ ಬೈಯುವ ಜನರು ಒಳ್ಳೆಯವರನ್ನು ಆಸನದಿಂದ ಓಡಿಸಿ, ನಿಂದೆಗೆ ಅಂಜದ ನಿರ್ಲಜ್ಜರಿಗೆ ಸ್ಥಳ ಮಾಡಿಕೊಡುವರು.

ಸಂದೇಹವಿದ್ದಲ್ಲಿ ಬೇಡಿಕೊಳ್ಳುವದು ಪಾಪವಲ್ಲ, ಬೇಡುವ ಕ್ರಮವುಂಟು. ಜಿಲ್ಲೆಯ ನ್ಯಾಯಾಧೀಶರಿಗೂ ಹೈಕೋರ್ಟಿಗೂ ಮೊಕದ್ದಮೆಯನ್ನು ಒಂದು ಕೋರ್ಟಿನಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರವನ್ನು ಕಾನೂನು ಕೊಟ್ಟಿದೆ. ಆದರೆ ತೀರ್ಪು ಬರುವ ತನಕ ಸುಮ್ಮನಿದ್ದು, ಸೋತ ಮೇಲೆ ಎತ್ತಿದ ಸಂದೇಹಕ್ಕೆ ಬೆಲೆಯಿಲ್ಲ. ೧೯೫೭ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ರಾಜಸ್ಥಾನದ ಒಬ್ಬ ವಕೀಲನಿಗೆ ಹೀಗೆಯೇ ಆಯಿತು. ಅವನನ್ನು ವಿಚಾರಿಸಿದ ಮಂಡಲಿಯ ಅಧ್ಯಕ್ಷನು ಹಿಂದೆ ಒಮ್ಮೆ ಎದುರುಪಕ್ಷದವನ ಪರವಾಗಿ ವಕೀಲಿ ಮಾಡಿದ್ದನು. ಅಂಥವನು ಕೂತುಕೊಳ್ಳಬಾರದಾಗಿತ್ತೆಂದು ಸುಪ್ರೀಂ ಕೋರ್ಟು ಒಪ್ಪಿತು. ಆದರೆ ವಿಷಯವು ಗೊತ್ತಿದ್ದೂ ಮೊದಲೇ ಆಕ್ಷೇಪಿಸದೆ ಇದ್ದದರಿಂದ ಅವನು ಆ ಹಕ್ಕನ್ನು ಬಿಟ್ಟುಕೊಟ್ಟಂತಾಯಿತೆಂದು ಹೇಳಿತು. ಮುಂಚಿತವಾಗಿ, ಮರ್ಯಾದೆಯಿಂದ, ಕಾರಣವನ್ನು ಸ್ಪಷ್ಟವಾಗಿ ತಿಳಿಸಿ ಬೇಡುವದೇ ಕ್ರಮ. ಹಾಗೆ ಬೇಡಿದವನನ್ನು ನ್ಯಾಯಾಧಿಪತಿಯೂ ಶತ್ರುವೆಂದು ಎಣಿಸಬಾರದು.

ಈಗ ನಮ್ಮ ಊರುಗಳಿಗೆ ಬರೋಣ. ಏಷ್ಯಾದಲ್ಲಿಯೇ ಮೊದಲನೆಯದೆಂದು ಹೆಸರುಗೊಂಡ ಕೃಷಿ ಸಹಕಾರ ಸಂಘವು ೧೯೦೫ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿತು. ಬಡ ರೈತನು ಸಾಹುಕಾರನ ಬಾಗಲಿಗೆ ಹೋಗದೆ ತನ್ನವರಿಂದಲೇ ಸಾಲ ಪಡೆಯಲೆಂಬದು ಅದರ ಉದ್ದೇಶವಾಗಿತ್ತು. ಇಂಥ ಸಂಘಗಳ ಬಲವು ಹಣದಲ್ಲಿ ಮಾತ್ರವಲ್ಲ, ಪಂಚರ ಮೇಲಿನ ನಂಬಿಕೆಯಲ್ಲಿದೆ. ಒಬ್ಬ ಪಂಚನ ಅಳಿಯನ ಸಾಲದ ಅರ್ಜಿ ಬಂದಾಗ ಆ ಪಂಚನು ಕೂತಲ್ಲಿಯೇ ಕೂತಿದ್ದರೆ, ಸಾಲವು ನ್ಯಾಯವಾದದ್ದೇ ಆಗಿದ್ದರೂ, ಅದೇ ದಿನ ಅರ್ಜಿ ತಿರಸ್ಕೃತವಾದ ವಿಧವೆಯು ಏನು ನೆನಸುವಳು? ಸಭೆಯ ಹಿರಿಯರ ಕೂಟದಲ್ಲಿ ಒಬ್ಬ ಹಿರಿಯನ ತಮ್ಮನ ಮೇಲೆ ದೂರು ಬಂದಾಗಲೂ, ಶಾಲೆಯ ಕೆಲಸಕ್ಕೆ ಕಮಿಟಿಯವನ ಮಗಳು ಅರ್ಜಿ ಹಾಕಿದಾಗಲೂ, ಊರ ಹಿರಿಯನು ತನ್ನ ಪಾಲಿನ ಒಕ್ಕಲಿಗನ ಬದುವಿನ ಜಗಳವನ್ನು ತೀರಿಸುವಾಗಲೂ ಇದೇ ಪ್ರಶ್ನೆ ಏಳುವದು.

ಅಂಥ ವೇಳೆಯಲ್ಲಿ ಆಸನದ ಮೇಲಿರುವವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇತರರಿಗಿಲ್ಲದ ಯಾವ ಲಾಭವೋ ನಷ್ಟವೋ ಸಂಬಂಧವೋ ಹಗೆತನವೋ ನನಗೆ ಇದರಲ್ಲಿ ಉಂಟು? ನನಗೆ ಗೊತ್ತಿರುವದೆಲ್ಲಾ ಸೋಲುವವನಿಗೂ ಗೊತ್ತಾದರೆ ಅವನು ನನ್ನ ತೀರ್ಪನ್ನು ನಂಬಿ ಮನೆಗೆ ಹೋಗುವನೋ? ನಾನು ಎದ್ದರೆ ಈ ಕೆಲಸವನ್ನು ಮಾಡತಕ್ಕವರು ಬೇರೆ ಇದ್ದಾರೋ? ಮೊದಲಿನ ಎರಡು ಪ್ರಶ್ನೆಗಳು ಅವನನ್ನು ಎಬ್ಬಿಸಿದರೆ, ಮೂರನೆಯದು ಅಡ್ಡಿಮಾಡದ ಪಕ್ಷದಲ್ಲಿ ಅವನು ಎದ್ದು, ಕಾರಣ ಹೇಳಿ, ಕೋಣೆಯಿಂದಲೂ ಹೊರಗೆ ಹೋಗಲಿ. ಬಾಗಲ ಬಳಿಯಲ್ಲಿ ನಿಂತು ಕೆಮ್ಮುವದೂ, ರಾತ್ರಿಯಲ್ಲಿ ಉಳಿದ ಪಂಚರ ಮನೆಗೆ ಹೋಗಿ ಕಿವಿಯಲ್ಲಿ ಹೇಳುವದೂ ಎದ್ದಂತಾಗುವದಿಲ್ಲ. ಬೇರೆ ಯಾರೂ ಇಲ್ಲದಿದ್ದರೆ ತನ್ನ ಸಂಬಂಧವನ್ನು ಎಲ್ಲರ ಮುಂದೆ ತಿಳಿಸಿ, ಹೆಚ್ಚಾದ ಎಚ್ಚರದಿಂದ ಕೂತು ವಿಚಾರಿಸಲಿ.

ಸತ್ಯವೇದದಲ್ಲಿ ಇಬ್ಬರು ನ್ಯಾಯಾಧಿಪತಿಗಳ ಚಿತ್ರವು ನಮ್ಮ ಕಣ್ಣೆದುರಿಗಿದೆ. ಪಿಲಾತನು ತನ್ನ ಮುಂದೆ ನಿಂತವನಲ್ಲಿ ಅಪರಾಧವಿಲ್ಲವೆಂದು ಬಲ್ಲವನಾಗಿ, ಗುಂಪಿಗೆ ಅಂಜಿ, ನೀರು ತರಿಸಿ ಕೈ ತೊಳೆದುಕೊಂಡನು. ಆಸನದಲ್ಲಿ ಕೂತಿದ್ದೇ ಅವನು ಕರ್ತವ್ಯದಿಂದ ಎದ್ದುಹೋದನು. ಆ ನೀರು ಅವನ ಕೈಯನ್ನು ಶುದ್ಧಮಾಡಲಿಲ್ಲ. ಸಮುವೇಲನಾದರೋ ಮುದುಕನಾದ ಮೇಲೆ ಜನರೆಲ್ಲರ ಮುಂದೆ ನಿಂತು, ನಾನು ಯಾರ ಎತ್ತನ್ನು ತೆಗೆದುಕೊಂಡೆನು, ಯಾರ ಕೈಯಿಂದ ಲಂಚ ಹಿಡಿದು ಕಣ್ಣು ಮುಚ್ಚಿಕೊಂಡೆನು, ಹೇಳಿರಿ ಎಂದು ತನ್ನನ್ನು ತಾನೇ ಅವರ ವಿಚಾರಣೆಗೆ ಒಪ್ಪಿಸಿಕೊಂಡನು. ತನ್ನ ಶುದ್ಧತ್ವಕ್ಕೆ ತಾನು ಸಾಕ್ಷಿಯಾಗದೆ ಜನರ ಸಾಕ್ಷಿಯನ್ನು ಕೇಳಿದನು. ದೊಡ್ಡ ಕೋರ್ಟಿನಲ್ಲಿ ಕೂತವರೇ ಆಗಲಿ, ಬೇವಿನ ಮರದ ಕಟ್ಟೆಯ ಮೇಲೆ ಕೂತವರೇ ಆಗಲಿ, ಸೋತವನ ಮುಂದೆ ಹೀಗೆ ನಿಂತು ಕೇಳುವ ಧೈರ್ಯವಿರುವವರು ಕೂತಿರಲಿ. ಆ ಧೈರ್ಯವಿಲ್ಲದವರು ತೀರ್ಪು ಹೇಳುವದಕ್ಕೆ ಮುಂಚೆಯೇ ಏಳಲಿ.